ಹಿಂದಿನ ಸ್ಪೀಕರಿನ ದನಿ

ಹೋದ ತಿಂಗಳು ಬನಹಟ್ಟಿಗೆ ಹೋಗಿದ್ದಾಗ ಇರ್ಫಾನ ಹೊಸ ಮನೆ ತೋರಿಸದೆ ಬಿಡುವುದಿಲ್ಲ ಎಂದು ಕೈ ಹಿಡಿದು ಕರೆದೊಯ್ದ. ಒಂದು ಕಾಲಕ್ಕೆ ಅವನದು ಪೇಟೆಯಲ್ಲಿ ವಿಡಿಯೊ ಲೈಬ್ರರಿ. ಈಗ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ. ಪಡಸಾಲೆಯ ಗೋಡೆಗೆ ಬಾಗಿಲಿನಷ್ಟು ದೊಡ್ಡ ಟೀವಿ ತೂಗುಹಾಕಿದ್ದಾನೆ. "ಸರ, ಚಾ ಆಮ್ಯಾಲೆ. ಮೊದಲ ಇದನ್ನ ನೋಡ್ರಿ. ನೀವು ಛಲೋ ಐತಿ ಅಂದ್ರನ ನಂಗ ಸಮಾಧಾನ" ಎಂದು ರಿಮೋಟ್ ಒತ್ತಿದ.

ತೆರೆಯ ಮೇಲೆ ಸಮುದ್ರ ಬಂತು. ಮೂರು ಕಂಬದ ಹಳೆಯ ಕಾಲದ ಯುದ್ಧದ ಹಡಗು, ಹಾಯಿಯ ತುಂಬ ಗಾಳಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದೇ ಸಿನಿಮಾ. ಈಗ ಯಾರೋ ಪುಣ್ಯಾತ್ಮರು ಅದನ್ನು ತೊಳೆದು ಒರೆಸಿ ಹೊಸದು ಮಾಡಿದ್ದಾರೆ. ಹಲಗೆಯ ಮೇಲೆ ಒಣಗಿದ ಉಪ್ಪಿನ ಬಿಳುಪು ಕಾಣುತ್ತಿತ್ತು, ಹಗ್ಗದ ಎಳೆ ಎಣಿಸಬಹುದಿತ್ತು. ಇಂಥದ್ದನ್ನು ನೋಡಬೇಕೆಂದು ಅರ್ಧ ಆಯುಷ್ಯ ಕಳೆದವನು ನಾನು. ಆದರೆ ಮುಗಿಲು ಕಪ್ಪಾಗಿ, ಗಾಳಿಯ ಸದ್ದು ಬೆನ್ನ ಹಿಂದಿನಿಂದ ಬರತೊಡಗಿದ್ದೇ ತಡ, ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಒಳಗೆ ಟೀವಿ ಬಂದ್ ಆಯಿತು. ಇರ್ಫಾನ ಎರಡು ಕಪ್ ಚಹಾ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ. "ನಾ ಮರತಬಿಟ್ಟಿದ್ದೆ ಸರ, ತಪ್ಪ ತಿಳೀಬ್ಯಾಡ್ರಿ" ಎಂದ. ನನಗೆ ಮರೆಯಲು ಆಗಿಲ್ಲ. ಆ ಮಳೆಗಾಲ, ಹಗಲಲ್ಲೇ ಕತ್ತಲೆ ಮಾಡಿಕೊಂಡ ಜಮಖಂಡಿಯ ನಮ್ಮ ನಡುಮನೆ, ವೈನಿಯ ಮುಖ, ಎಲ್ಲ ಇದ್ದಲ್ಲೇ ಇವೆ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಬೇಕು. ನನಗೆ ಚಿತ್ರ ಸ್ವಚ್ಛವಾಗಿರಬೇಕು, ಸದ್ದು ಸ್ಪಷ್ಟವಾಗಿರಬೇಕು. ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಮತ್ತೆ ವೈರು, ಬೆಸುಗೆ, ಸ್ಪೀಕರು. ಮದುವೆಮನೆಗೆ ಹೋದರೆ ಊಟಕ್ಕಿಂತ ಮೊದಲು ಮೈಕಿನವನ ಜೊತೆ ಜಗಳ. ಸೀಟಿ ಹೊಡೆಯುವ ಮೈಕನ್ನೂ ಕಾಮಾಲೆ ಹಿಡಿದಂಥ ಮುಖ ತೋರಿಸುವ ಟೀವಿಯನ್ನೂ ಸಹಿಸಿಕೊಂಡು ಹಾಯಾಗಿ ಕೂಡುವ ಜನರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಈ ಹುಚ್ಚು ಹಚ್ಚಿದವನು ನನ್ನ ಅಣ್ಣ ವಸಂತ.

ಅಣ್ಣ ಸರಕು ಸಾಗಿಸುವ ಹಡಗಿನಲ್ಲಿ ಎಂಜಿನ್ ಕೆಲಸಕ್ಕಿದ್ದ. ಪೂಜೆ ಮತ್ತು ಕಾರಕೂನಿಕೆ ಬಿಟ್ಟು ಬೇರೆ ಗೊತ್ತಿರದ ಮನೆತನ ನಮ್ಮದು. ಸಮುದ್ರ ಯಾರೂ ಕಂಡವರಲ್ಲ. ಅವನಿಗೆ ಆ ಸೆಳೆತ ಎಲ್ಲಿಂದ ಬಂತೋ ದೇವರೇ ಬಲ್ಲ. ಕೊನೆಯ ಸಲ ರಜೆಗೆ ಬಂದಾಗ ಯಾವುದೋ ಬಂದರಿನಲ್ಲಿ ಕೊಂಡ ವಿಸಿಆರ್ ಮತ್ತು ಈ ಸಿನಿಮಾದ ಕ್ಯಾಸೆಟ್ ತಂದಿದ್ದ. ಓಣಿಯವರೆಲ್ಲ ಬಂದು ನೋಡಿದರು. ಅಣ್ಣ ಟೀವಿಯ ಪಕ್ಕ ನಿಂತು, ಇದು ಹಾಯಿ, ಇದು ಚುಕ್ಕಾಣಿ ಎಂದು ಬೆರಳಿಟ್ಟು ತೋರಿಸುತ್ತಿದ್ದ. "ನಮ್ಮ ಹಡಗ ಹಿಂಗಿಲ್ಲ ಮತ್ತ ಆಯಿ. ನಮ್ಮದು ಕಬ್ಬಿಣದ್ದು" ಎಂದು ತಾಯಿಗೆ ಎರಡೆರಡು ಸಲ ಹೇಳಿದ. ಆಯಿ ನಂಬಿದಂತೆ ಕಾಣಲಿಲ್ಲ.

ಆ ಕ್ಯಾಸೆಟ್ಟು ಪ್ರತಿಯ ಪ್ರತಿಯ ಪ್ರತಿ. ಹಗಲಿನ ದೃಶ್ಯಗಳು ಹೇಗೋ ನಡೆಯುತ್ತಿದ್ದವು. ರಾತ್ರಿಯವು ಬಂದರೆ ಮುಗಿಯಿತು. ಸಿನಿಮಾದ ನಡುವೆ ಒಂದು ಬಿರುಗಾಳಿ ಇದೆ. ಹಡಗಿನ ಚುಕ್ಕಾಣಿ ಕೆಡುತ್ತದೆ. ಅದನ್ನು ಸರಿಮಾಡಲು ತಲೆಗೆ ಕೆಂಪು ವಸ್ತ್ರ ಕಟ್ಟಿದ ಒಬ್ಬ ತರುಣ ನಾವಿಕ ಸಣ್ಣ ದೋಣಿಯಲ್ಲಿ ಹಡಗಿನ ಹಿಂಬದಿಗೆ ಇಳಿಯುತ್ತಾನೆ. ದೋಣಿಗೆ ಕಟ್ಟಿದ ಹಗ್ಗ ಹರಿಯುತ್ತದೆ. ಅಲ್ಲಿಂದ ಮುಂದೆ ನಮ್ಮ ಟೀವಿಯಲ್ಲಿ ಏನೂ ಕಾಣುತ್ತಿರಲಿಲ್ಲ. ತೆರೆಯೆಲ್ಲ ಬೂದಿ, ಕೆಳಗಡೆ ಕುಣಿಯುವ ಬಿಳಿ ಗೆರೆಗಳು. ಸದ್ದು ಅಂದರೆ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಬರೀ ಚುರ್‌ಗುಟ್ಟುವುದು. ಸ್ವಲ್ಪ ಹೊತ್ತಿಗೆ ಬೆಳಗಾಗುತ್ತದೆ. ನಾವಿಕರು ಬಿಸಿಲಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಒಬ್ಬನ ತಲೆಗೆ ಕೆಂಪು ವಸ್ತ್ರ. ಅವನ ಬೆನ್ನು ಮಾತ್ರ ನಮ್ಮ ಕಡೆಗೆ.

ವೈನಿ ಅಂದರೆ ಅಣ್ಣನ ಹೆಂಡತಿ ಪದ್ಮಾ. ಆಗಿನ್ನೂ ಹೊಸ ಸೊಸೆ. "ಅಂವ ಉಳದ್ನೇನ್ರಿ?" ಎಂದು ಮೆಲ್ಲಗೆ ಕೇಳಿದರು. ಅಣ್ಣ ನಕ್ಕ. "ಉಳೀಲಾರದೇನು? ಅಲ್ಲೆ ಕೂತಾನಲ್ಲ, ಕೆಂಪ ರುಮಾಲದಾಂವ. ಹಡಗಿನ ಮಂದಿ ಹಂಗ ಸಹಜ ಸಾಯೂದಿಲ್ಲ ಬಿಡು."

ರಜೆ ಮುಗಿಸಿಕೊಂಡು ಹೋದವನು ತಿರುಗಿ ಬರಲಿಲ್ಲ. ಕಂಪನಿಯಿಂದ ಬಂದ ಸುದ್ದಿ ಎರಡೇ ಸಾಲಿನದು. ಬಿರುಗಾಳಿಯ ರಾತ್ರಿ ಹಡಗಿನ ಮೇಲಿಂದ ಕಾಣೆಯಾಗಿದ್ದಾನೆ, ಹುಡುಕಿದರೂ ಸಿಗಲಿಲ್ಲ. ಯಾರಾದರೂ ನೋಡಿದರೋ ಇಲ್ಲವೋ, ಹೇಗೆ ಬಿದ್ದ, ಯಾವ ಸಮುದ್ರ ಎಂಬುದೊಂದೂ ಇಲ್ಲ. ದೇಹವಿಲ್ಲದ್ದರಿಂದ ಸಂಸ್ಕಾರವಿಲ್ಲ. ಸಂಸ್ಕಾರವಿಲ್ಲದ್ದರಿಂದ ಅವನಿಗೆ ತಿಥಿ ಇಲ್ಲ, ತರ್ಪಣವಿಲ್ಲ. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು ಎಂಬುದು ನಮ್ಮಲ್ಲಿಯ ಪದ್ಧತಿ. ಕಾಯತೊಡಗಿದೆವು.

ವೈನಿ ಮುಧೋಳದ ತವರಿಗೆ ಹೋಗಲಿಲ್ಲ. ನಮ್ಮಲ್ಲೇ ಉಳಿದು ಊರಿನ ಸಾಲೆಯಲ್ಲಿ ಕಲಿಸುತ್ತಿದ್ದರು. ಹಣೆಗೆ ಕುಂಕುಮ, ಕೈತುಂಬ ಬಳೆ, ಹಬ್ಬಕ್ಕೆ ಅರಿಶಿನ ಎಲ್ಲ ಇತ್ತು. ಅಣ್ಣನ ವಿಷಯ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಆದರೆ ವರ್ಷದಲ್ಲಿ ಎರಡು ಮೂರು ಸಲ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಆ ಕ್ಯಾಸೆಟ್ ಹಚ್ಚುತ್ತಿದ್ದರು. ನಾನು ಹೊರಗಿನಿಂದ ಬಂದಾಗ ಒಂದೆರಡು ಸಲ ಕಂಡಿದ್ದೇನೆ. ಬಿರುಗಾಳಿ ದಾಟಿ, ಬೂದಿ ದಾಟಿ, ಬಿಸಿಲು ಬಂದು, ಕೆಂಪು ವಸ್ತ್ರದ ಆ ಬೆನ್ನನ್ನು ನೋಡಿ, ಎದ್ದು ಟೀವಿ ಬಂದ್ ಮಾಡಿ ಅಡಿಗೆಮನೆಗೆ ಹೋಗುತ್ತಿದ್ದರು. ನಾನು ಏನೂ ಕಾಣದವನಂತೆ ಆಮೇಲೆ ಸ್ಪಿರಿಟ್ ಹಚ್ಚಿ ವಿಸಿಆರಿನ ಹೆಡ್ ಒರೆಸಿ ಇಡುತ್ತಿದ್ದೆ. ನನ್ನ ಕೈಲಾದದ್ದು ಅಷ್ಟೇ.

ಹೀಗೆ ಹನ್ನೆರಡು ವರ್ಷ ತುಂಬಲು ಬಂದ ಮಳೆಗಾಲ ಅದು. ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಹೊಲಗಳಿಗೆ ಏರಿದ್ದೂ ಆಗಲೇ. ನಮ್ಮ ಕಡೆ ಮಳೆ ಅಷ್ಟಕ್ಕಷ್ಟೆ. ಮೇಲೆ ಮಹಾರಾಷ್ಟ್ರದಲ್ಲಿ ಬಿದ್ದದ್ದು ಕೆಂಪಗಾಗಿ ಕೃಷ್ಣೆಯಲ್ಲಿ ಇಳಿದು ಬರುತ್ತಿತ್ತು. ಮುಗಿಲಲ್ಲಿ ಮೋಡವಿಲ್ಲ, ಬಿಸಿಲು ಚೆನ್ನಾಗಿ ಬಿದ್ದಿದೆ, ನೀರು ಮಾತ್ರ ಸದ್ದು ಮಾಡದೆ ಕಬ್ಬಿನ ಸಾಲಿನೊಳಗೆ ಸೇರಿಕೊಳ್ಳುತ್ತಿದೆ. ಬೆಳಿಗ್ಗೆ ಕಂಡ ಬದು ಸಂಜೆಗೆ ಇರುತ್ತಿರಲಿಲ್ಲ. ಮುಳುಗುವ ಊರಿನ ಜನ ಮನೆ ಬಿಚ್ಚಿ ಬಾಗಿಲು, ಚೌಕಟ್ಟು, ತೊಲೆಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಎತ್ತರದ ಜಾಗಕ್ಕೆ ಹೋಗುತ್ತಿದ್ದರು. ಆ ಟ್ರ್ಯಾಕ್ಟರುಗಳು ನಮ್ಮ ಮನೆಯ ಮುಂದೆಯೂ ಹಾಯುತ್ತಿದ್ದವು. ಒಂದೊಂದು ಬಾಗಿಲಿಗೆ ಇನ್ನೂ ತೋರಣ ಇರುತ್ತಿತ್ತು. ಆಯಿ ಕಟ್ಟೆಯ ಮೇಲೆ ಕುಳಿತು ಅವುಗಳನ್ನೇ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ನನ್ನನ್ನು ಕರೆದು ಅಂದಳು. "ವಸು ಕನಸಿನ್ಯಾಗ ಬಂದಿದ್ದ. ಬಾಗಲದಾಗ ನಿಂತು, ಆಯಿ ನೀರ ಕೊಡು ಅಂದ. ನಾ ತಂಬಗಿ ತಗೊಂಡು ಬರೂದ್ರಾಗ ಇರಲಿಲ್ಲ. ನೀರಾಗ ಹೋದ ಕೂಸಿಗೆ ನೀರ ಮುಟ್ಟವಲ್ದು ನೋಡು ಶ್ರೀಪಾದ. ನಾ ಸಾಯೂದ್ರಾಗ ಅವಗೊಂದು ದಾರಿ ಮಾಡಿ ಕೊಡು."

ಅದೇ ವಾರ ಗುಂಡಭಟ್ಟರು ಬಂದರು. ಗಲಗಲಿಯವರು, ನಮ್ಮ ಮನೆಯ ಪುರೋಹಿತರು. ಶ್ರಾವಣಕ್ಕೆ ಹನ್ನೆರಡು ವರ್ಷ ತುಂಬುತ್ತವೆ, ಇನ್ನು ಕಾಯಬಾರದು ಎಂದರು. "ಮುತ್ತಲದ ತೊಟ್ಟು, ದರ್ಭಿ ಸೇರಿಸಿ ಮನಶ್ಯಾನ ಆಕಾರ ಕಟ್ಟೋದು. ತಲಿಗೆ ತೆಂಗಿನಕಾಯಿ. ಹೊಳಿ ದಂಡಿಗೆ ದಹನ ಮಾಡೋದು. ಮಕ್ಕಳಿಲ್ಲ, ಅಂದ ಮ್ಯಾಲೆ ತಮ್ಮ ಕೊಳ್ಳಿ ಇಡಬೇಕು" ಎಂದು ನನ್ನ ಕಡೆ ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ ವೈನಿ ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ. "ಇದ್ದಾವರನ್ನ ಹೆಂಗ ಸುಡತೀರಿ ಭಟ್ಟರ?" ಎಂದು ಕೇಳಿದರು. ದನಿ ಏರಿಸಲಿಲ್ಲ. ಭಟ್ಟರು ಚಹಾ ಕುಡಿದು ಹೋದರು.

ಅಂದಿನಿಂದ ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಮಾತು ನಿಂತಿತು. ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಇದ್ದವರು ಮೂವರೇ. ವೈನಿ ಬಡಿಸುತ್ತಿದ್ದರು, ಆಯಿ ಉಣ್ಣುತ್ತಿದ್ದಳು, ಸಾಕು ಎಂಬುದಕ್ಕೆ ಕೈ ಅಡ್ಡ ಹಿಡಿಯುತ್ತಿದ್ದಳು. ಒಬ್ಬಳಿಗೆ ಮಗನ ಬಾಯಾರಿಕೆ ಹಿಂಗಬೇಕು, ಇನ್ನೊಬ್ಬರಿಗೆ ಗಂಡ ಇರಬೇಕು. ಇಬ್ಬರೂ ಅವನಿಗಾಗಿಯೇ ಹಟ ಹಿಡಿದಿದ್ದರು. ನನಗಂತೂ ಹುಲ್ಲಿನ ಅಣ್ಣನಿಗೆ ಬೆಂಕಿ ಇಡುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಹಾಗೆಂದು ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಇಡುವುದೂ ಸರಿಯೆನಿಸುತ್ತಿರಲಿಲ್ಲ.

ಕ್ಯಾಸೆಟ್ಟು ಕೆಟ್ಟಿದ್ದು ಆಗಲೇ. ಆ ಸಲದ ತಂಪು ಹವೆಗೆ ಟೇಪಿನ ಮೇಲೆ ಬಿಳಿ ಬೂಸು ಬೆಳೆದಿತ್ತು. ನಾನು ಸಂಜೆ ಬಂದಾಗ ವೈನಿ ವಿಸಿಆರಿನ ಮುಂದೆ ಕುಳಿತಿದ್ದರು. ಅದು ಟೇಪನ್ನು ಜಗಿದು ಹೊರಗೆ ಹಾಕಿತ್ತು. ಕೈಯಲ್ಲಿ ಕಪ್ಪು ಸುರುಳಿ ಹಿಡಿದುಕೊಂಡು, "ಶ್ರೀಪಾದ, ಇದ ಸಿನಿಮಾ ಇನ್ನೊಂದ ಎಲ್ಲೆರೆ ಸಿಗ್ತದೇನು?" ಎಂದರು. ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ನಾನು ಬನಹಟ್ಟಿಗೆ ಇರ್ಫಾನನ ಹತ್ತಿರ ಓಡಿದೆ. ಹದಿನೈದು ದಿನದಲ್ಲಿ ವಿಸಿಡಿ ತರಿಸಿದ, ಎರಡು ಡಿಸ್ಕು. ಅಂಗಡಿಯಲ್ಲೇ ಹಚ್ಚಿ ನೋಡೋಣ ಎಂದರೆ ಬನಹಟ್ಟಿಯಲ್ಲಿ ಅದೊಂದು ಫಜೀತಿ. ಸುತ್ತಲೂ ಕೈಮಗ್ಗವಿದ್ದ ಮನೆಗಳಲ್ಲೆಲ್ಲ ಪವರ್‌ಲೂಮು; ಕಟಕಟ ಕಟಕಟ ಎಂದು ಎದುರಿಗಿದ್ದವನ ಮಾತೂ ಕೇಳಿಸದು. ಕರೆಂಟು ಹೋದರೆ ಊರು ತಣ್ಣಗಾಗುತ್ತದೆ, ಆದರೆ ಟೀವಿಯೂ ಬಂದ್ ಆಗುತ್ತದೆ. "ನಮ್ಮ ಊರಾಗ ಸೌಂಡ್ ಟೆಸ್ಟ್ ಮಾಡಬೇಕಂದ್ರ ಬ್ಯಾಟರಿ ಹಚ್ಚಬೇಕ್ರಿ ಸರ" ಎಂದು ಇರ್ಫಾನ ನಗುತ್ತಿದ್ದ. ಹಾಗೇ ಕಟ್ಟಿಕೊಂಡು ಬಂದೆ.

ಮನೆಗೆ ಬಂದು ಹಚ್ಚಿದರೆ ಕತ್ತಲೆಯ ಜಾಗದಲ್ಲೆಲ್ಲ ಚೌಕ ಚೌಕದ ಕರಿ ತುಂಡುಗಳು. ಹಗ್ಗ ಹರಿಯುವ ಹೊತ್ತಿಗೆ ಮೊದಲನೇ ಡಿಸ್ಕು ಮುಗಿಯಿತು. ಎರಡನೆಯದು ಹಾಕಿದರೆ ನೇರ ಬಿಸಿಲು, ಕೆಂಪು ವಸ್ತ್ರದ ಬೆನ್ನು. ವೈನಿ ನನ್ನ ಕಡೆ ತಿರುಗಿದರು. "ನಡುವಿಂದು ಎಲ್ಲಿ?" ಫೋನ್ ಮಾಡಿದರೆ ಇರ್ಫಾನ, "ಎರಡ ಡಿಸ್ಕಿನ್ಯಾಗ ಕುಂಡ್ರಸಾಕ ಕತ್ರಿ ಹಾಕ್ಯಾರ್ರಿ ಸರ, ಮಾಡೂದೇನು" ಎಂದ. ವೈನಿಗೆ ಅದು ಸಮಾಧಾನ ಕೊಡಲಿಲ್ಲ. "ಬೂದಿನಾದ್ರೂ ಇರಬೇಕಿತ್ತು" ಎಂದರು. ಅಷ್ಟು ವರ್ಷ ಅವರು ಆ ಬೂದಿಯನ್ನು ಕಣ್ಣು ಕೀಲಿಸಿ ನೋಡುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು.

ನನ್ನ ಹುಚ್ಚಿಗೆ ಇಷ್ಟು ಸಾಕಾಯಿತು. ಪುಣೆಯಿಂದ ಅಸಲಿ ಡಿವಿಡಿ ತರಿಸಿದೆ. ಹೋಮ್ ಥೇಟರೂ ತಂದೆ. ಮುಂದೆ ಮೂರು ಸ್ಪೀಕರು, ಮೂಲೆಗೆ ಗುಡುಗುವ ಡಬ್ಬಿ, ಹಿಂದಿನ ಎರಡನ್ನು ದೇವರ ಕೋಣೆಯ ಬಾಗಿಲ ಎರಡು ಬದಿಗೆ ಮೊಳೆ ಹೊಡೆದು ಕೂಡಿಸಿದೆ. ಅವೆರಡರ ವೈರು ಸಾಲದೆ ಬಂತು. ಇರಲಿ, ನಾಳೆ ಜೋಡಿಸಿದರಾಯಿತು ಎಂದು, ವೈನಿ ಸಾಲೆಗೂ ಆಯಿ ಭಜನೆಗೂ ಹೋದ ಮಧ್ಯಾಹ್ನ ಒಬ್ಬನೇ ಹಚ್ಚಿ ನೋಡಿದೆ.

ಚಿತ್ರ ಅಂದರೆ ಚಿತ್ರ. ಕತ್ತಲೆಯೂ ಸ್ವಚ್ಛ. ಮಿಂಚು ಹೊಳೆದಾಗೆಲ್ಲ ಅಲೆಯ ಬೆನ್ನ ಮೇಲೆ ಆ ಸಣ್ಣ ದೋಣಿ, ಅದರೊಳಗೆ ನಿಂತವನು, ಅವನ ತಲೆಯ ಮೇಲಿನ ಕೆಂಪು ಕೂಡ ಕಾಣುತ್ತಿತ್ತು. ದೋಣಿ ಸಣ್ಣದಾಗುತ್ತ ಹೋಯಿತು. ಒಂದು ಮಿಂಚಿಗೆ ಇತ್ತು, ಇನ್ನೊಂದು ಮಿಂಚಿಗೆ ಇರಲಿಲ್ಲ. ಬೆಳಗಾಯಿತು. ಬಿಸಿಲಲ್ಲಿ ಕೆಂಪು ವಸ್ತ್ರ ಕಟ್ಟಿ ಬೆನ್ನು ಮಾಡಿ ಕೂತವನು ಬೇರೆಯೇ ಒಬ್ಬ, ಗಡ್ಡ ನರೆತ ಮುದುಕ. ಸತ್ತವನ ಸಾಮಾನುಗಳನ್ನು ಮುಂದಿಟ್ಟುಕೊಂಡು, ಅವನದೇ ಇನ್ನೊಂದು ವಸ್ತ್ರ ತಲೆಗೆ ಕಟ್ಟಿಕೊಂಡು ಅಳುತ್ತಿದ್ದಾನೆ.

ಅಣ್ಣನಿಗೆ ಇದು ಗೊತ್ತಿತ್ತು. ಇಂಗ್ಲಿಷ್ ಬಲ್ಲವನು, ಹಡಗಿನಲ್ಲಿ ಎಷ್ಟು ಸಲ ನೋಡಿದ್ದನೋ. ಬಿಟ್ಟು ಹೋಗಬೇಕಾದ ಹೆಂಡತಿ ಹೆದರಬಾರದೆಂದು ಸುಳ್ಳು ಹೇಳಿದ್ದ. ಆ ಸುಳ್ಳನ್ನೇ ನಂಬಿಕೊಂಡು ವೈನಿ ಇಷ್ಟು ವರ್ಷ ಇದ್ದರು. ಈಗ ಅದನ್ನು ನಾನು, ಪುಣೆಯಿಂದ ತರಿಸಿ, ಆರು ಸ್ಪೀಕರಿನಲ್ಲಿ ಒಡೆಯಬೇಕು. ನನ್ನ ಜಾಣತನಕ್ಕೆ ನನಗೇ ಸಿಟ್ಟು ಬಂತು.

ಸಂಜೆ ವೈನಿ ಡಿಸ್ಕು ಕಂಡರು. ಪ್ಲೇಯರ್ ಸರಿಯಿಲ್ಲ ಎಂದೆ. ಮರುದಿನವೂ ಅದನ್ನೇ ಹೇಳಿದೆ. ರವಿವಾರ ಊಟವಾದ ಮೇಲೆ ನಡುಮನೆಗೆ ಬಂದು ಚಾಪೆ ಹಾಸಿ ಕುಳಿತು, "ಹಚ್ಚು" ಎಂದರು. ನಾನು ತಂತಿ ತಡಕಾಡುವ ನೆಪದಲ್ಲಿ ಟೀವಿಯ ಬೆಳಕು ತೀರಾ ಇಳಿಸಿಬಿಟ್ಟೆ. ಹಡಗು ಮಸಿ ಹಚ್ಚಿದಂತಾಯಿತು, ಹಗಲಿನ ದೃಶ್ಯದಲ್ಲಿಯೂ ಮುಖ ಕಾಣದು. ವೈನಿ ಸ್ವಲ್ಪ ಹೊತ್ತು ನೋಡಿದರು.

"ಕ್ಯಾಸೆಟ್ಟಿಗಿಂತಾ ಕಡಿ ಅದ ಇದು" ಎಂದರು.

"ಪ್ರಿಂಟ್ ಹಂಗ ಅದರಿ ವೈನಿ."

"ಖರೆ ಹೇಳು. ಇಂಥಾ ಚಿತ್ರ ನೋಡಿ ನೀ ಸುಮ್ಮ ಕೂಡಾಂವ ಅಲ್ಲ. ಇಷ್ಟೊತ್ತಿಗೆ ನಾಕ ಮಂದಿಗೆ ಬೈದು, ಬಿಚ್ಚಿ ಕೂತಿರ್ತಿದ್ದಿ. ನೀ ಏನೋ ಮುಚ್ಚಲಿಕ್ಕತ್ತೀ."

ನಾನು ರಿಮೋಟ್ ಕೆಳಗಿಟ್ಟೆ.

"ನೀ ನೋಡೀಯಲ್ಲ?"

ಹೂಂ ಎಂದೆ.

"ಹಂಗಾದ್ರ ನಾನೂ ನೋಡತೀನಿ. ಛಂದಂಗ ಹಚ್ಚು. ಯಾವ ವೈರ್ ಬಿಟ್ಟಿದ್ರೂ ಹಚ್ಚು."

ಬೆಳಕು ಏರಿಸಿದೆ. ಹಿಂದಿನ ಸ್ಪೀಕರುಗಳ ವೈರು ತಂದಿಟ್ಟಿದ್ದೆ, ಅದನ್ನೂ ಜೋಡಿಸಿದೆ. ಕಿಟಕಿಗೆ ಕೌದಿ ಕಟ್ಟಿದೆ. ಹೊರಗೆ ಜಿಟಿಜಿಟಿ ಹನಿಯುತ್ತಿತ್ತು. ಸದ್ದು ಕೇಳಿ ಆಯಿಯೂ ತನ್ನ ಕೋಣೆಯಿಂದ ಬಂದು ಗೋಡೆಗೆ ಆತು ಕುಳಿತಳು. ಯಾರೂ ಅವಳನ್ನು ಕರೆದಿರಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಬಿರುಗಾಳಿ ಬಂತು. ಹಗ್ಗ ಹರಿಯಿತು. ಮೊದಲು ಮುಂದಿನ ಸ್ಪೀಕರುಗಳಿಂದ ಹಡಗಿನವರ ಕೂಗು. ಎಲ್ಲರೂ ಹಡಗಿನ ಹಿಂಬದಿಗೆ ಓಡಿ ಬಂದು, ಕಂದೀಲು ಎತ್ತಿ ಹಿಡಿದು, ಅವನ ಹೆಸರು ಹಿಡಿದು ಕೂಗುತ್ತಿದ್ದಾರೆ. ಒಬ್ಬನಲ್ಲ, ಹಡಗಿಗೆ ಹಡಗೇ. ಆ ಮುದುಕನ ದನಿ ಎಲ್ಲರಿಗಿಂತ ಮೇಲೆ. ಅವರು ಉಸಿರು ತೆಗೆದುಕೊಳ್ಳಲು ನಿಂತ ಒಂದು ಗಳಿಗೆಗೆ, ನಮ್ಮ ಹಿಂದಿನಿಂದ, ದೇವರ ಕೋಣೆಯ ಬಾಗಿಲಿನಿಂದ ಒಂದು ಗಂಡುದನಿ ಓ ಎಂದಿತು.

ವೈನಿ ಗರಕ್ಕನೆ ಹಿಂದೆ ತಿರುಗಿದರು. ಅವರ ಮುಖ ಟೀವಿಯ ಬೆಳಕಿನಲ್ಲಿ ನನಗೆ ಅರ್ಧ ಕಂಡಿತು. ಬಾಗಿಲಲ್ಲಿ ಯಾರನ್ನೋ ಕಂಡವರ ಮುಖವೇ ಅದು. ಆಯಿ, "ವಸೂ" ಎಂದು ನೆಲಕ್ಕೆ ಕೈಯೂರಿ ಏಳಲು ಹೋದಳು. ಸ್ಪೀಕರು ಜೋಡಿಸಿದವನು ನಾನೇ, ಆದರೂ ಆ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಮುಂದಿನವರು ಕೂಗಿದರು, ಹಿಂದಿನವನು ಓಗೊಟ್ಟ. ಮತ್ತೆ ಕೂಗಿದರು, ಮತ್ತೆ ಓಗೊಟ್ಟ, ಈ ಸಲ ಸ್ವಲ್ಪ ದೂರದಿಂದ. ನಡುವೆ ನಾವು ಮೂವರು ಚಾಪೆಯ ಮೇಲೆ. ನಮ್ಮ ಕ್ಯಾಸೆಟ್ಟಿನಲ್ಲಿ ಇದೆಲ್ಲ ಆ ಚುರ್‌ಗುಟ್ಟುವಿಕೆಯೊಳಗೆ ಹೂತುಹೋಗಿತ್ತು. ವೈನಿ ಟೀವಿಯ ಕಡೆ ತಿರುಗಲೇ ಇಲ್ಲ. ಪೂರ್ತಿ ಬೆನ್ನು ಮಾಡಿ, ದೇವರ ಕೋಣೆಯ ಕತ್ತಲೆ ನೋಡುತ್ತ ಕುಳಿತರು. ಓ ಎಂಬುದು ಸಣ್ಣದಾಗುತ್ತ, ಕಡೆಗೆ ಗಾಳಿ ಯಾವುದು ಅದು ಯಾವುದು ತಿಳಿಯದಂತಾಯಿತು. ಹಡಗಿನವರು ದನಿ ಒಡೆಯುವ ತನಕ ಕೂಗುತ್ತಲೇ ಇದ್ದರು. ಹಿಂದಿನಿಂದ ಏನೂ ಬರಲಿಲ್ಲ.

ನಾನು ಟೀವಿ ಬಂದ್ ಮಾಡಿ ಕಿಟಕಿಯ ಕೌದಿ ತೆಗೆದೆ. ಬೆಳಕು ಬಂದರೂ ಯಾರೂ ಏಳಲಿಲ್ಲ. ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ವೈನಿ ಅಳುತ್ತಿರಲಿಲ್ಲ.

"ನನಗ ಅಂಜಿಕಿ ಆಗಬಾರದಂತ ಅಂದಿದ್ರು, ಉಳದಾನ ಅಂತ" ಎಂದರು. "ಅಷ್ಟ ತಿಳೀಲಾರದಾಕಿ ಅಲ್ಲ ನಾ. ಎಂದೋ ಒಳಗ ಗೊತ್ತಿತ್ತು. ಆದ್ರ ಶ್ರೀಪಾದ, ಸುದ್ದಿ ಬಂದ ದಿನದಿಂದ ಒಂದ ಮಾತು ನನ್ನ ಬಿಟ್ಟಿಲ್ಲ. ಯಾರಿಗೂ ಗೊತ್ತಾಗಲಾರದ ಬಿದ್ರೇನೋ. ಹಡಗ ತನ್ನ ಪಾಡಿಗೆ ಹೋಗಿಬಿಡ್ತೇನೋ. ನೀರಾಗಿಂದ ಒದರಿದ್ರ ಯಾರೂ ಓ ಅನ್ನಲಿಲ್ಲೇನೋ. ಅದನ್ನ ನೆನಸಿದ್ರ ಸತ್ತಾರ ಅಂತ ಒಪ್ಪಲಿಕ್ಕೆ ಮನಸ ಬರ್ತಿದ್ದಿಲ್ಲ."

ದೇವರ ಕೋಣೆಯ ಬಾಗಿಲ ಕಡೆ ನೋಡಿ ಮತ್ತೆ ಅಂದರು. "ಹಡಗಿನ ಮಂದಿ ಹಿಂಗ ಕರೀತಾರಂದ್ರ, ಇವರನ್ನೂ ಕರದಿರಬೇಕು."

ಅದು ಸಿನಿಮಾ, ನೂರಾರು ವರ್ಷದ ಹಿಂದಿನ ಹಡಗಿನ ಕತೆ ಎಂದು ನಾನು ಹೇಳಲಿಲ್ಲ. ಹೇಳಲು ನಾನು ಯಾರು. ಆಯಿ ಕೂತಲ್ಲಿಂದಲೇ ಸರಿದು ಬಂದು ಸೊಸೆಯ ಮೊಣಕಾಲಿನ ಮೇಲೆ ಕೈಯಿಟ್ಟಳು. ಎಷ್ಟೋ ವಾರದ ಮೇಲೆ ಆಡಿದ ಮೊದಲ ಮಾತು. "ಕುಂಕುಮಾ ತಗೀಬ್ಯಾಡ ಪದ್ಮಾ. ಬಳಿ ಒಡೀಬ್ಯಾಡ. ಯಾರೇನ ಅಂದ್ರೂ ನಾ ನೋಡ್ಕೋತೀನಿ. ಅವಗೊಂದು ನೀರ ಮುಟ್ಟಿದ್ರ ನನಗ ಸಾಕು." ವೈನಿ ಆ ಕೈಯನ್ನು ಹಿಡಿದುಕೊಂಡರು. "ನಾನೂ ಹೊಳಿಗೆ ಬರತೀನಿ" ಎಂದಷ್ಟೇ ಹೇಳಿದರು.

ಶ್ರಾವಣದಲ್ಲಿ ಭಟ್ಟರು ದಿನ ಹಿಡಿದರು. ಹೆಣ್ಣುಮಕ್ಕಳು ಬರುವ ಪದ್ಧತಿಯಿಲ್ಲ ಎಂದು ಗೊಣಗಿದರು. ವೈನಿ ವಾದ ಮಾಡಲಿಲ್ಲ, ಎಲ್ಲರಿಗಿಂತ ಮೊದಲು ಜೀಪಿನಲ್ಲಿ ಹೋಗಿ ಕುಳಿತುಬಿಟ್ಟರು. ಆಯಿಗೆ ಮೈ ಸರಿಯಿರಲಿಲ್ಲ, ಮನೆಯಲ್ಲೇ ಉಳಿದಳು.

ಗಲಗಲಿ ದಾರಿಯಲ್ಲಿ ಇಳಿದರೆ ಹೊಳೆಯ ದಂಡೆಯೇ ಸಿಗಲಿಲ್ಲ. ಭಟ್ಟರು ಚಿಕ್ಕಂದಿನಿಂದ ಸ್ನಾನ ಮಾಡಿದ ಕಟ್ಟೆ, ಅರಳಿಮರದ ಬುಡ ಎಲ್ಲ ನೀರಿನ ಕೆಳಗಿದ್ದವು. ಯಾರದೋ ಜೋಳದ ಹೊಲದ ನಡುವೆ ನೀರು ಬಂದು ನಿಂತಿತ್ತು, ಅಲೆಯಿಲ್ಲ, ಹರಿವಿಲ್ಲ. ಆಚೆ ದಂಡೆ ಕಾಣುತ್ತಿರಲಿಲ್ಲ. ಸಮುದ್ರ ಕಾಣದ ನಮ್ಮ ಸೀಮೆಯಲ್ಲಿ ಅಷ್ಟು ನೀರನ್ನು ನಾನು ಕಂಡಿದ್ದು ಅಂದೇ. ಭಟ್ಟರು ಧೋತರ ಎತ್ತಿಕೊಂಡು ಬದುವಿನ ಮೇಲೆ ಆಚೀಚೆ ಓಡಾಡಿ, "ಎಲ್ಲಿ ನಿಂತ್ರೂ ಕೃಷ್ಣಾನ ಈಗ" ಎಂದು ಒಂದು ಜಾಗ ತೋರಿಸಿದರು.

ಹುಲ್ಲಿನ ಮನುಷ್ಯ ಅಣ್ಣನಿಗಿಂತ ಬಹಳ ಸಣ್ಣವನಿದ್ದ. ನಾನು ಅವನ ಹೆಸರು, ಗೋತ್ರ ಹೇಳಿ ಕೊಳ್ಳಿ ಇಟ್ಟೆ. ಒಣ ತೊಟ್ಟುಗಳು ಬೇಗ ಉರಿದು ಮುಗಿದವು. ಬೂದಿಯನ್ನು ನೀರಿಗೆ ಬಿಟ್ಟು, ಎಳ್ಳು ಹಾಕಿ ನೀರು ಕೊಟ್ಟೆ. ಭಟ್ಟರು ಎದ್ದು, "ಇನ್ನ ನಡೀರಿ. ಹಿಂದ ತಿರುಗಿ ನೋಡಬಾರದು" ಎಂದರು. ನಾವು ಜೀಪಿನ ಕಡೆ ನಡೆದೆವು.

ವೈನಿ ಬರಲಿಲ್ಲ. ಬದುವಿನ ಮೇಲೆ ನಿಂತು, ನೀರಿನ ಕಡೆ ಮುಖ ಮಾಡಿ, ನನಗೆ ಗೊತ್ತಿದ್ದಂತೆ ಜನ್ಮದಲ್ಲಿ ಗಂಡನ ಹೆಸರು ಬಾಯಲ್ಲಿ ತರದ ಆ ಹೆಣ್ಣುಮಗಳು, ಊಟಕ್ಕೆ ತಡವಾಯಿತೆಂದು ಕರೆಯುವವರ ಹಾಗೆ ಗಟ್ಟಿಯಾಗಿ ಕೂಗಿದರು. "ವಸಂತಾ." ನಿಂತು ಕಾದರು. ಮತ್ತೆ ಕೂಗಿದರು. ನೀರಿನ ಮೇಲೆ ಆ ದನಿ ಬಹಳ ದೂರ ಹೋಯಿತು. ನನ್ನ ದನಿಯೂ ಅಣ್ಣನದೂ ಒಂದೇ. ಫೋನಿನಲ್ಲಿ ಆಯಿ ಕೂಡ ಗುರುತು ತಪ್ಪುತ್ತಿದ್ದಳು. ಅವರು ಮೂರನೆಯ ಸಲ ಕೂಗಿದಾಗ ಓ ಎಂಬುದು ನನ್ನ ಗಂಟಲ ತನಕ ಬಂತು. ಬಂದೇ ಬಿಡುತ್ತಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ವೈನಿ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. ಆಮೇಲೆ ಬಂದು ಜೀಪು ಹತ್ತಿ ಸೆರಗು ಸರಿಮಾಡಿಕೊಂಡು, "ಆತು. ನಡೀರಿ ಈಗ" ಎಂದರು.